ಷರಾ ಕಾಲಮಿನ ಸ್ಥಳಾಂತರ

ನಮ್ಮ ಆಸ್ಪತ್ರೆಯ ಸರ್ವರ್ ಮೆಟ್ಟಿಲ ಕೆಳಗಿನ ಒಂದು ಚಿಕ್ಕ ಕೋಣೆಯಲ್ಲಿತ್ತು. ರಾಮನಗರದಲ್ಲಿ ಒಂದು ಟ್ರಸ್ಟ್ ನಡೆಸುವ ಕಣ್ಣಾಸ್ಪತ್ರೆ ಅದು. ಕಂಪ್ಯೂಟರ್ ವಿಭಾಗ ನನ್ನದು. ವಿಭಾಗವೆಂದರೆ ನಾನೊಬ್ಬಳೇ. ರೋಗಿಯ ಹೆಸರು, ಊರು, ದೃಷ್ಟಿಯ ಅಳತೆ, ಯಾವ ದಿನ ಯಾವ ಕಣ್ಣಿಗೆ ಆಪರೇಷನ್ ಆಯಿತು, ಎಲ್ಲವೂ ಆ ಕೋಣೆಯ ಯಂತ್ರದೊಳಗೆ. ಅದಕ್ಕೆ ಹಗಲೂ ರಾತ್ರಿ ಎ.ಸಿ. ಬೇಕು, ಕರೆಂಟು ಹೋದರೆ ಬ್ಯಾಟರಿ ಬೇಕು. ಬೆಳಿಗ್ಗೆ ಬಂದವಳೇ ನಾನು ಮೊದಲು ಮಾಡುತ್ತಿದ್ದ ಕೆಲಸ ಆ ಕೋಣೆಯ ಬಾಗಿಲಿಗೆ ಅಂಗೈ ಇಟ್ಟು ನೋಡುವುದು. ತಣ್ಣಗಿದ್ದರೆ ಚೀಲ ಇಳಿಸುತ್ತಿದ್ದೆ.

ಒಂದು ಬೇಸಿಗೆಯ ಸೋಮವಾರ ಬಾಗಿಲು ಬೆಚ್ಚಗಿತ್ತು. ಭಾನುವಾರವೆಲ್ಲ ಎ.ಸಿ. ಕೆಟ್ಟು ನಿಂತಿತ್ತು, ಯಂತ್ರ ತಾನಾಗಿಯೇ ಆರಿಹೋಗಿತ್ತು. ಅದೇ ದಿನ ಕಬ್ಬಾಳಿನ ಕಡೆಯಿಂದ ನಮ್ಮ ವ್ಯಾನು ಮೂವತ್ತು ಜನರನ್ನು ಕರೆತಂದಿತ್ತು. ಎಲ್ಲರೂ ಹಿಂದೆ ನಮ್ಮಲ್ಲಿ ತೋರಿಸಿಕೊಂಡವರು, ಮೊದಲ ಕಣ್ಣಿನ ಆಪರೇಷನ್ ಮುಗಿಸಿ ಎರಡನೆಯದಕ್ಕೆ ಕಾಯುತ್ತಿದ್ದವರು. ಅವರ ಹಳೆಯ ವಿವರ ಒಂದೂ ತೆರೆಯಲಿಲ್ಲ. ಬಿಳಿ ಹಾಳೆಯಲ್ಲಿ ಹೆಸರು ಬರೆದು, ಮೊದಲಿನಿಂದ ಎಲ್ಲ ಕೇಳಿ, ಮಧ್ಯಾಹ್ನದವರೆಗೆ ಕೂರಿಸಿದೆವು. ದೊಡ್ಡ ಡಾಕ್ಟರು ಕೌಂಟರಿನ ಹತ್ತಿರ ಬಂದು ಸ್ವಲ್ಪ ಹೊತ್ತು ನಿಂತರು. ಅವರು ಗದರುವವರಲ್ಲ.

"ಇದನ್ನ ಇನ್ನು ಮೆಟ್ಟಿಲ ಕೆಳಗೆ ಇಟ್ಕೊಂಡು ಕೂರೋದು ಬೇಡಮ್ಮ," ಎಂದರು.

ಹೀಗೆ ನಮ್ಮ ಡೇಟಾಬೇಸನ್ನು ಕ್ಲೌಡಿಗೆ ಸಾಗಿಸುವುದೆಂದು ತೀರ್ಮಾನವಾಯಿತು. ಸಾಗಿಸುವುದಷ್ಟೇ ಅಲ್ಲ, ಹೊಸ ಆವೃತ್ತಿಗೆ ಏರಿಸಲೂ ಬೇಕಿತ್ತು. ನಮ್ಮದು ಎಷ್ಟು ಹಳೆಯದೆಂದರೆ ಅದನ್ನು ಮಾಡಿದವರೇ ಅದರ ಕಡೆ ನೋಡುವುದನ್ನು ಬಿಟ್ಟಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಕಂಪನಿ ಗೊತ್ತಾಗಿ, ಅಲ್ಲಿಂದ ಒಬ್ಬ ಇಂಜಿನಿಯರ್ ಬರತೊಡಗಿದಳು. ಕನಕಪುರದವಳು, ಇಬ್ಬರು ಮಕ್ಕಳ ತಾಯಿ, ದಿನಾ ಅಲ್ಲಿಂದಲೇ ಸ್ಕೂಟರಿನಲ್ಲಿ ಬರುತ್ತಿದ್ದಳು. ಮೊದಲ ದಿನ ಮೇಡಂ ಎಂದಳು. ನಾನು ಕೈಲಾಂಚದವಳು, ನಮ್ಮಪ್ಪ ಹಿಪ್ಪುನೇರಳೆ ಬೆಳೆಯುವವರು ಎಂದು ತಿಳಿದ ಮೇಲೆ ಅಕ್ಕ ಎನ್ನತೊಡಗಿದಳು.

ಕ್ಲೌಡು ಎಂದರೆ ಏನು ಎಂದು ನಮ್ಮ ಆಯಾ ಅವಳನ್ನೇ ಕೇಳಿದರು. "ಬೇರೆಯವರ ಮನೇಲಿರೋ ದೊಡ್ಡ ಕಂಪ್ಯೂಟರ್ ಅಷ್ಟೇ ಕಣಮ್ಮ. ನಾವು ಅದ್ರಲ್ಲಿ ಬಾಡಿಗೆಗೆ ಇರ್ತೀವಿ," ಎಂದಳು. ಆಯಾ ಯೋಚನೆ ಮಾಡಿ, "ಅಲ್ಲೂ ಎ.ಸಿ. ಐತಾ?" ಎಂದು ಕೇಳಿದರು. ಇದೆ ಎಂದ ಮೇಲೆ ಅವರಿಗೆ ಸಮಾಧಾನವಾಯಿತು.

ಮೊದಲ ಪ್ರಯೋಗವಾಗಿ ಹಳೆಯ ಡೇಟಾದ ಒಂದು ನಕಲನ್ನು ಮೇಲಕ್ಕೆ ಕಳಿಸಿ, ಸಾಲು ಸಾಲಾಗಿ ತಾಳೆ ನೋಡಿದೆವು. ಇಂಗ್ಲಿಷಿನಲ್ಲಿದ್ದುದೆಲ್ಲ ಸರಿಯಾಗಿ ಹೋಗಿ ಕೂತಿತ್ತು. ಒಂದು ಕಾಲಂ ಮಾತ್ರ ಕೆಟ್ಟಿತ್ತು. ಅದು ಷರಾ.

ಷರಾ ಎಂದರೆ ಪ್ರತಿ ರೋಗಿಯ ವಿವರದ ಕೊನೆಗೆ, ಬೇರೆಲ್ಲೂ ಹಿಡಿಸದ ಮಾತನ್ನು ಬರೆಯುವ ಜಾಗ. ಅದನ್ನು ಕನ್ನಡದಲ್ಲಿ ತುಂಬಿದ್ದರು. ಆದರೆ ಆ ಕಾಲದ ಕನ್ನಡ ಫಾಂಟುಗಳು ಒಂದು ರೀತಿಯ ವೇಷ. ಯಂತ್ರದ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಗುರುತುಗಳು. ಆ ಫಾಂಟು ಇದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಹೊಸ ಜಾಗದಲ್ಲಿ ಆ ಫಾಂಟಿಲ್ಲ. ಹಾಗಾಗಿ ಷರಾ ತುಂಬ ತಲೆಯ ಮೇಲೆ ಚುಕ್ಕೆ, ಗೆರೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು.

"ಅಕ್ಕ, ಹೊಸ ಸಾಫ್ಟ್‌ವೇರಲ್ಲಿ ಅಲರ್ಜಿಗೆ, ಸಕ್ಕರೆ ಕಾಯಿಲೆಗೆ ಎಲ್ಲ ಬೇರೆ ಬೇರೆ ಕಾಲಂ ಇದೆ. ಈ ಷರಾ ಮುಖ್ಯನಾ? ಇಲ್ಲಾಂದ್ರೆ ಹಾಗೇ ಒಂದು ಕಡೆ ಎತ್ತಿಟ್ಟುಬಿಡೋಣ," ಎಂದಳು ಇಂಜಿನಿಯರ್.

ನಾನು ಮುಖ್ಯವಲ್ಲ ಎಂದೆ. ಹಾಗೆಂದು ಒಪ್ಪಿಗೆ ಹಾಳೆಯಲ್ಲಿ ಸಹಿಯನ್ನೂ ಹಾಕಿದೆ. ಯಾಕೆ ಹಾಗೆ ಹೇಳಿದೆ ಎಂಬುದಕ್ಕೆ ಸ್ವಲ್ಪ ಹಿಂದಿನ ಕಥೆಯನ್ನು ಹೇಳಬೇಕು.

ಷರಾ ಬರೆದವರು ನಮ್ಮ ಹಳೆಯ ರಿಜಿಸ್ಟ್ರೇಷನ್ ಗುಮಾಸ್ತರು. ಮಾಗಡಿ ಕಡೆಯ ರೈತ ಕುಟುಂಬದವರು. ನಾನು ಕಂಪ್ಯೂಟರ್ ಕೋರ್ಸು ಮುಗಿಸಿ ಸೇರಿದಾಗ ಅವರ ಪಕ್ಕದ ಕುರ್ಚಿಯಲ್ಲೇ ನನ್ನನ್ನು ಕೂರಿಸಿದ್ದರು. ಅವರು ರೋಗಿಯನ್ನು ಬರಿಯ ಹೆಸರು, ವಯಸ್ಸು ಕೇಳಿ ಬಿಡುತ್ತಿರಲಿಲ್ಲ. ಮಾತಿಗೆಳೆಯುತ್ತಿದ್ದರು, ಕೇಳಿದ್ದನ್ನೆಲ್ಲ ಷರಾದಲ್ಲಿ ಹಾಕುತ್ತಿದ್ದರು. "ಎಡಗಿವಿ ಕೇಳಿಸದು, ಬಲಗಡೆ ನಿಂತು ಮಾತಾಡಿ." "ಸೊಪ್ಪು ಕುಯ್ಯುವಾಗ ಕಡ್ಡಿ ಚುಚ್ಚಿದ್ದು, ಗಂಡನಿಗೆ ಹೇಳಿಲ್ಲ." "ಕೊನೆ ಬಸ್ಸು ಮೂರೂವರೆಗೆ, ಬೇಗ ಬಿಡಿ." ಒಬ್ಬ ಹೆಂಗಸಿನ ಷರಾದಲ್ಲಿ ಹೀಗಿತ್ತು: "ಮಗಳು ತೀರಿಕೊಂಡು ತಿಂಗಳಾಯಿತು. ಕಣ್ಣೀರು ರೋಗದ್ದಲ್ಲ."

ಇತ್ತ ಕ್ಯೂ ಗೇಟಿನವರೆಗೆ ಬೆಳೆಯುತ್ತಿತ್ತು. ಜನ ನನ್ನ ಮೇಲೆ ರೇಗುತ್ತಿದ್ದರು. ನನಗೆ ಆಗ ಬಿಸಿರಕ್ತ, ಜೊತೆಗೆ ನನ್ನ ಕೋರ್ಸಿನ ಮೇಲೆ ಬಹಳ ನಂಬಿಕೆ. ಸಾಫ್ಟ್‌ವೇರಿನವರು ಒಮ್ಮೆ ರಿಪೇರಿಗೆ ಬಂದಾಗ ಡಾಕ್ಟರ ಹತ್ತಿರ ಹೋಗಿ ಷರಾಗೆ ಒಂದು ಮಿತಿ ಹಾಕಿಸೋಣ ಸಾರ್, ಇಪ್ಪತ್ತು ಅಕ್ಷರ ಸಾಕು ಎಂದೆ. ಅವರು ಯಾವುದೋ ಯೋಚನೆಯಲ್ಲಿದ್ದರು, ಹೂಂ ಎಂದರು. ನನಗೆ ತಿಳಿಯದೇ ಇದ್ದದ್ದು ಏನೆಂದರೆ, ಆ ಫಾಂಟಿನಲ್ಲಿ ನಮ್ಮ ಒಂದು ಕನ್ನಡ ಅಕ್ಷರವನ್ನು ಯಂತ್ರ ಎರಡು, ಮೂರು ಎಂದು ಎಣಿಸುತ್ತಿತ್ತು. ಇಪ್ಪತ್ತು ಎಂದದ್ದು ಏಳೋ ಎಂಟೋ ಅಕ್ಷರಕ್ಕೆ ಬಂದು ನಿಂತಿತು.

ಮಾರನೆಯ ದಿನ ಗುಮಾಸ್ತರು ಟೈಪ್ ಮಾಡುತ್ತಾ ಮಾಡುತ್ತಾ ನಿಂತರು. ಇನ್ನೊಮ್ಮೆ ಒತ್ತಿ ನೋಡಿದರು.

"ಇದೇನವ್ವ, ಮಿಷಿನ್ನು ಬಾಯಿ ಕಟ್ಬುಟ್ಟದಲ್ಲ?"

"ಹೊಸ ಸಾಫ್ಟ್‌ವೇರ್ ಹಂಗೇ ಸಾರ್," ಎಂದೆ. ನಾನೇ ಮಾಡಿಸಿದ್ದು ಎಂದು ಹೇಳಲಿಲ್ಲ.

ಅವರು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಬರೆಯುವುದನ್ನೂ ಬಿಡಲಿಲ್ಲ. ಒಂದೊಂದು ಪದದ ಮೊದಲ ಅಕ್ಷರ, ಆಮೇಲೊಂದು ಚುಕ್ಕೆ, ಹೀಗೆ ತಮ್ಮದೇ ಒಂದು ಗುಟ್ಟಿನ ಬರವಣಿಗೆ ಮಾಡಿಕೊಂಡರು. ನರ್ಸುಗಳು ಅರ್ಥವಾಗದಿದ್ದರೆ ಕೌಂಟರಿಗೆ ಬಂದು ಕೇಳುತ್ತಿದ್ದರು, ಅವರು ಬಾಯಲ್ಲಿ ಹೇಳುತ್ತಿದ್ದರು. ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಅವರು ನಿವೃತ್ತರಾಗಿ ಊರಿಗೆ ಹೋದರು. ಬಂದ ಹೊಸಬರು ಷರಾವನ್ನು ಖಾಲಿ ಬಿಟ್ಟರು. ಕ್ಯೂ ಬೇಗ ಸರಿಯತೊಡಗಿತು. ನಾನು ಮಾಡಿದ್ದು ಸರಿ ಎಂದೇ ಅಂದುಕೊಂಡಿದ್ದೆ.

ಒಪ್ಪಿಗೆ ಹಾಳೆಗೆ ಸಹಿ ಹಾಕಿ ಎರಡು ವಾರವಾಗಿತ್ತು. ಹಳೆಯದು ಹೊಸದು ಎರಡನ್ನೂ ಅಕ್ಕಪಕ್ಕ ಓಡಿಸಿ ನೋಡುತ್ತಿದ್ದೆವು. ಆ ದಿನಗಳಲ್ಲಿ ಕಬ್ಬಾಳಿನ ಒಬ್ಬ ಅಜ್ಜಿ ಎರಡನೆಯ ಕಣ್ಣಿನ ಆಪರೇಷನ್ನಿಗೆ ಬಂದರು. ನರ್ಸು ಹೊಸ ಪರದೆ ತೆರೆದು ಒಂದೊಂದೇ ಕೇಳುತ್ತಿದ್ದಳು.

"ಯಾವುದಾದ್ರೂ ಔಷಧಿ ಆಗಲ್ವಾ ಅಜ್ಜಿ?"

"ಹೋದ್ಸಲ ಎಲ್ಲಾನೂ ಯೋಳಿವ್ನಲ್ಲವ್ವ. ಆ ಕೌಂಟ್ರಲ್ಲಿದ್ದ ಅಯ್ನೋರು ಬರ್ಕಂಡ್ರು. ಅದ್ರಾಗೆ ಐತೆ ನೋಡು."

ನರ್ಸು ನನ್ನನ್ನು ಕರೆದಳು. ಹೊಸ ಪರದೆಯ ಷರಾದಲ್ಲಿ ಟೋಪಿ ಹಾಕಿದ ಅಕ್ಷರಗಳು. ಹಳೆಯದರಲ್ಲಿ ತೆರೆದೆ. ಅಲ್ಲಿ ಕನ್ನಡದಲ್ಲೇ ಇತ್ತು: "ಸ.ಮಾ.ದ." ಅಷ್ಟೇ. ಇಬ್ಬರಿಗೂ ಏನೂ ಹೊಳೆಯಲಿಲ್ಲ.

"ಏನು ಹೇಳಿದ್ರಿ ಅಜ್ಜಿ ಅವರಿಗೆ, ನೆನಪಿದೆಯಾ?"

"ಅದ್ಯಾವ್ದೋ ಗುಳಿಗೆ ಕಣವ್ವ. ನುಂಗಿದ್ರೆ ಮೈಯೆಲ್ಲಾ ದದ್ದೆದ್ದು, ತುಟಿ ಊದ್ಕಂಡು, ಉಸ್ರು ಕಟ್ಟಂಗಾಗಿತ್ತು. ಎಸ್ರು ಗೊತ್ತಿಲ್ಲ. ಚೀಟಿ ಅವ್ರಿಗೇ ತೋರುಸ್ಬುಟ್ಟೆ. ಬರ್ಕಂಡವ್ರಲ್ಲ, ಬುಡು."

ಬರೆದುಕೊಂಡಿದ್ದಾರೆ ಎಂಬ ನಂಬಿಕೆಯಲ್ಲಿ ಅಜ್ಜಿ ಚೀಟಿಯನ್ನು ಎಂದೋ ಎಸೆದಿದ್ದರು. ಆ ವರ್ಷದ ಕಾಗದದ ಫೈಲುಗಳನ್ನು ಗೆದ್ದಲು ತಿಂದಿತ್ತು. ಡಾಕ್ಟರಿಗೆ ಹೇಳಿದೆ. ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು.

"ಆಪರೇಷನ್ ಮುಂದಿನ ವಾರಕ್ಕೆ ಹಾಕೋಣ. ಅಷ್ಟರೊಳಗೆ ಅವರನ್ನ ಹುಡುಕಿ ಕೇಳಿಕೊಂಡು ಬನ್ನಿ. ಇದೊಂದೇ ಇರೋಲ್ಲ, ಇಂಥವು ಇನ್ನೂ ಇರ್ತವೆ."

ಆ ಮೂರು ಅಕ್ಷರಗಳಿಗೆ ಬದಲು ಒಂದು ಪೂರ್ತಿ ವಾಕ್ಯ ಇರಬೇಕಾಗಿತ್ತು. ಅದಕ್ಕೆ ಜಾಗ ಕೊಡದವಳು ನಾನು.

ಗುಮಾಸ್ತರ ಹಳೆಯ ನಂಬರಿಗೆ ಮಾಡಿದರೆ ಬೇರೆ ಯಾರೋ ಎತ್ತಿಕೊಂಡರು. ಇಂಜಿನಿಯರ್ ಹಳೆಯ ಯಂತ್ರದಿಂದ ಚುಕ್ಕೆಯಿರುವ ಷರಾಗಳನ್ನೆಲ್ಲ ಅಚ್ಚು ಹಾಕಿಕೊಟ್ಟಳು. ರೋಗಿಗಳ ಹೆಸರು ಹೊರಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಬರೀ ಕ್ರಮಸಂಖ್ಯೆ, ವರ್ಷ, ಷರಾ. ಮಾರನೆಯ ಬೆಳಿಗ್ಗೆ ಆ ಕಟ್ಟನ್ನು ಚೀಲದಲ್ಲಿಟ್ಟುಕೊಂಡು ಮಾಗಡಿ ಬಸ್ಸು ಹತ್ತಿದೆ. ಅಲ್ಲಿಂದ ಆಟೋದಲ್ಲಿ ಸಾವನದುರ್ಗದ ಕಡೆಗೆ. ಬೆಟ್ಟ ದಾರಿಯುದ್ದಕ್ಕೂ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಕಾಣುತ್ತಿತ್ತು. ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಒಂದೂ ಸರಿಹೋಗಲಿಲ್ಲ.

ಅವರು ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಒಂದು ಕ್ಷಣ ಕಣ್ಣು ಕಿರಿದು ಮಾಡಿದರು.

"ಓಹೋ, ಕೈಲಾಂಚದವ್ವ! ಬಾ ಬಾ. ಏನು, ಆಸ್ಪತ್ರೆ ಇಲ್ಲಿಗೇ ಬಂದ್ಬುಡ್ತಾ?"

ಅವರ ಹೆಂಡತಿ ನೀರು ತಂದರು, ಕಾಫಿಗೆ ಇಡಲು ಒಳಗೆ ಹೋದರು. ನಾನೂ ಒಂದು ಹಿಡಿ ಕಾಯಿ ಎತ್ತಿಕೊಂಡು ಸುಲಿಯುತ್ತಾ ಕೂತೆ. ಸೊಗಡಿಗೆ ಬೆರಳೆಲ್ಲ ಅಂಟಾಯಿತು. ಡೇಟಾಬೇಸಿನ ವಿಷಯ ಹೇಳಿ, ಅಚ್ಚು ಹಾಕಿದ ಹಾಳೆ ತೆಗೆದು ಅಜ್ಜಿಯ ಸಾಲನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. ಒಂದು ಉಸಿರು ಎಳೆಯುವಷ್ಟು ಹೊತ್ತೂ ಬೇಕಾಗಲಿಲ್ಲ.

"ಸಲ್ಫಾ ಮಾತ್ರೆ ದದ್ದು. ಕಬ್ಬಾಳಿನ ಅಜ್ಜಿ, ಅಲ್ವಾ? ಉಸ್ರು ಕಟ್ತು ಅಂತ್ಲೂ ಹಾಕ್ಬೇಕಿತ್ತು. ಹಿಡೀಲಿಲ್ಲ."

ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. "ಒಳ್ಳೇದಾಯ್ತು. ಆಪರೇಷನ್ ಆದಮೇಲೆ ಕಣ್ಣಿನ ಒತ್ತಡ ಇಳಿಸೋಕೆ ನಾವು ಕೊಡೋ ಮಾತ್ರೇನೂ ಹೆಚ್ಚುಕಡಿಮೆ ಅದೇ ಜಾತೀದು. ಬೇರೆ ಕೊಡೋಣ," ಎಂದರು.

ಫೋನು ಇಟ್ಟ ಮೇಲೆ ಇನ್ನು ತಡೆಯಲು ಆಗಲಿಲ್ಲ. "ಸಾರ್, ಆ ಮಿತಿ ಹಾಕ್ಸಿದ್ದು ನಾನು. ಸಾಫ್ಟ್‌ವೇರ್ ಹಂಗೇ ಅಂತ ನಿಮ್ಗೆ ಸುಳ್ಳು ಹೇಳ್ದೆ."

ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಕಣವ್ವ. ಆ ರಿಪೇರಿಯವ್ನೇ ಯೋಳ್ದ. ಕ್ಯೂ ಉದ್ದ ಆಯ್ತಿತ್ತು, ದಿಟವೇ. ನಾನೂ ಒಸಿ ಮಾತು ಜಾಸ್ತಿಯವ್ನೇ." ಒಂದು ಕಾಯಿ ಬಿಡಿಸಿದರು, ಇನ್ನೊಂದು ಬಿಡಿಸಿದರು. "ಆದ್ರೆ ನನ್ನ ಒಂದ್ಮಾತು ಕೇಳ್ಬೋದಿತ್ತು. ಪಕ್ಕದ್ ಕುರ್ಚಿಲೇ ಇದ್ದೆನಲ್ಲ."

ತಪ್ಪಾಯಿತು ಎಂದೆ. ಅವರು ತಲೆಯಾಡಿಸಿದರು, ಅಷ್ಟೇ. ಪರವಾಗಿಲ್ಲ ಎಂದು ಹೇಳಲಿಲ್ಲ. ಅದನ್ನು ಹೇಳದೇ ಇದ್ದದ್ದರಿಂದಲೇ ನನಗೆ ಅವರ ಮುಂದೆ ಕೂರುವುದು ಸಾಧ್ಯವಾಯಿತು ಅನ್ನಿಸುತ್ತದೆ.

ಕಾಫಿ ಕುಡಿದು ಹಾಳೆಗಳನ್ನು ತಿರುವಿದರು. "ಇದೆಲ್ಲ ಇಲ್ಲಿ ಕುಂತು ಆಗಕಿಲ್ಲ. ಹಿಂದ್ಲ ಮುಂದ್ಲ ಬರಹಾನೂ ನೋಡ್ಬೇಕು. ಒಂದೇ ಅಕ್ಷರಕ್ಕೆ ಆಗೊಂದು ಅರ್ಥ, ಈಗೊಂದು ಅರ್ಥ ಮಾಡಿವ್ನಿ. ನಾಡಿದ್ದು ರಾಗಿ ಕಣ ಮುಗೀತದೆ. ಆಮ್ಯಾಕೆ ಬತ್ತೀನಿ."

ಹೇಳಿದಂತೆ ಬಂದರು. ಮೂರು ವಾರ, ವಾರಕ್ಕೆ ನಾಲ್ಕು ದಿನ, ಬೆಳಗಿನ ಬಸ್ಸಿಗೆ. ಹೆಗಲಿಗೆ ಒಂದು ಬಟ್ಟೆಚೀಲ, ಅದರಲ್ಲಿ ಮುದ್ದೆಯ ಡಬ್ಬಿ. ಟ್ರಸ್ಟಿನವರು ಓಡಾಟದ ಖರ್ಚಿಗೆ ಏರ್ಪಾಡು ಮಾಡಿದರು. ನನ್ನ ಕೋಣೆಯಲ್ಲಿ ಮೂರು ಕುರ್ಚಿ ಹಾಕಿಕೊಂಡು ಕೂತೆವು: ಅವರು, ಇಂಜಿನಿಯರ್, ನಾನು.

ಉದ್ದನೆಯ ಹಳೆಯ ಷರಾಗಳನ್ನು ಹೊಸ ಕನ್ನಡಕ್ಕೆ ಬದಲಾಯಿಸಲು ಇಂಜಿನಿಯರ್ ಒಂದು ಪ್ರೋಗ್ರಾಂ ಬರೆದಿದ್ದಳು. ಅದು ಮುಕ್ಕಾಲು ಪಾಲು ಸರಿಯಾಗಿತ್ತು. ಆದರೆ ಅರ್ಕಾವತ್ತು ಬಂದ ಕಡೆಯೆಲ್ಲ ಎಡವುತ್ತಿತ್ತು. "ಧೈರ್ಯ ಹೇಳಿ" ಎಂದಿದ್ದದ್ದು "ಧೈಯರ್ ಹೇಳಿ" ಎಂದಾಗಿತ್ತು. ಗುಮಾಸ್ತರು ಅದನ್ನು ಜೋರಾಗಿ ಓದಿ, "ಇದ್ಯಾವ್ ಡಾಕ್ಟ್ರವ್ವ, ಧೈಯರ್ರು?" ಎಂದರು. ಇಂಜಿನಿಯರ್ ಮೇಜಿಗೆ ಹಣೆ ಹಚ್ಚಿ ನಕ್ಕಳು. ಮಾರನೆಯ ದಿನ ಅದನ್ನು ಸರಿಮಾಡಿಕೊಂಡು ಬಂದಳು. ಇನ್ನೊಂದು ಕಡೆ ಒಂದಿಡೀ ವರ್ಷದ ಷರಾ ಕಲಸುಮೇಲೋಗರವಾಗಿತ್ತು. ಯಾಕೆಂದು ಅವಳಿಗೆ ತಿಳಿಯಲಿಲ್ಲ. "ಆ ವರ್ಷ ಕಂಪ್ಯೂಟರ್ ಕೆಟ್ಟು ಬೇರೆ ಫಾಂಟು ಹಾಕ್ಸಿದ್ರು. ಕೀಲಿಗಳೆಲ್ಲ ಬ್ಯಾರೆ," ಎಂದು ಅವರೇ ಹೇಳಿದರು. ಆ ವರ್ಷಕ್ಕೆ ಬೇರೆ ಪ್ರೋಗ್ರಾಂ ಆಯಿತು.

ಚುಕ್ಕೆಯ ಷರಾಗಳಿಗೆ ಪ್ರೋಗ್ರಾಂ ಇಲ್ಲ. ನಾನು ಓದುವುದು, ಅವರು ಬಿಡಿಸಿ ಹೇಳುವುದು, ನಾನು ಟೈಪ್ ಮಾಡುವುದು. ಹೆಸರು ಮುಚ್ಚಿದ್ದರೂ ಎಷ್ಟೋ ಕಡೆ ಅವರಿಗೆ ಆಳು ನೆನಪಾಗುತ್ತಿದ್ದರು. "ಇವ್ರು ಚೆನ್ನಪಟ್ಟಣದಲ್ಲಿ ಬೊಂಬೆಗೆ ಬಣ್ಣ ಹಾಕೋರು. ಅರಗಿನ ಹೊಗೆಗೆ ಕಣ್ಣು ಉರಿ." "ಇವ್ನು ಮುಲಾಮು ಅಚ್ಕಳಾಕಿಲ್ಲ, ಹೆಂಡ್ತಿಗೇ ಯೋಳ್ಬೇಕು." ಇನ್ನು ಕೆಲವು ಕಡೆ ಕನ್ನಡಕ ತೆಗೆದು, ಮತ್ತೆ ಹಾಕಿ, ತಲೆ ಅಲ್ಲಾಡಿಸುತ್ತಿದ್ದರು. ಅಂಥ ಒಂದು ಕಡೆ ನಾನು, "ಬಿ.ಶು. ಅಂದ್ರೆ ಬಿ.ಪಿ., ಶುಗರ್ ಇರ್ಬೋದಾ ಸಾರ್?" ಎಂದೆ.

"ಇರ್ಬೋದು, ಇಲ್ದೇನೂ ಇರ್ಬೋದು. ಗೊತ್ತಿಲ್ಲ ಅಂತ ಬರಿ. ಊಹೆ ಮಾಡಿ ಬರೆದ್ರೆ ನಾಳೆ ಅದ್ನೇ ದಿಟ ಅಂದ್ಕತ್ತಾರೆ."

ಹಾಗೆಯೇ ಬರೆದೆ: "ಹಳೆಯ ಷರಾ ತಿಳಿಯಲಿಲ್ಲ, ರೋಗಿಯನ್ನು ಕೇಳಿ." ಅಂಥ ಸಾಲುಗಳು ಕೊನೆಗೂ ಒಂದಷ್ಟು ಉಳಿದವು. ಪರದೆಯಲ್ಲಿ ಅವು ಕೆಂಪು ಬಣ್ಣದಲ್ಲಿ ಕಾಣುವಂತೆ ಇಂಜಿನಿಯರ್ ಮಾಡಿದಳು.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇಂಜಿನಿಯರ್ ಇನ್ನು ಮೇಲೆ ಷರಾಗೆ ಎಷ್ಟು ಅಕ್ಷರ ಇಡಲಿ ಎಂದು ಕೇಳಿದಳು. ನಾನು ಗುಮಾಸ್ತರ ಕಡೆ ನೋಡಿದೆ. ಅವರು ಮುದ್ದೆ ಮುರಿಯುತ್ತಾ, "ನನ್ನ ಯಾಕವ್ವ ಕೇಳೀಯೆ, ಈಗ ಬರ್ಯೋರ್ನ ಕೇಳು," ಎಂದರು. ನಾನು ಕೆಳಗೆ ಹೋಗಿ ಕೌಂಟರಿನ ಇಬ್ಬರು ಹೆಣ್ಣುಮಕ್ಕಳನ್ನು ಕೇಳಿದೆ. ಅವರು ಅಕ್ಷರದ ಮಾತೇ ಎತ್ತಲಿಲ್ಲ. ಕನ್ನಡದಲ್ಲಿ ಟೈಪ್ ಮಾಡುವುದು ನಿಧಾನ, ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವ ಹಾಗೆ ಆಗುತ್ತದೆಯೇ ಎಂದರು. ಆಗುತ್ತದೆ ಎಂದಳು ಇಂಜಿನಿಯರ್. ಈಗ ಅವರು ಮೈಕಿನಲ್ಲಿ ಹೇಳುತ್ತಾರೆ. ಅದು ನಮ್ಮ ಕಡೆಯ ಮಾತನ್ನು ಅರ್ಧಂಬರ್ಧ ಕೇಳಿಸಿಕೊಂಡು ಏನೇನೋ ಬರೆಯುತ್ತದೆ, ತಿದ್ದುತ್ತಾರೆ. ಕ್ಯೂ ಸ್ವಲ್ಪ ನಿಧಾನವಾಗಿದೆ, ಸುಳ್ಳು ಹೇಳುವುದಿಲ್ಲ.

ಪೂರ್ತಿ ಬದಲಾಯಿಸಿದ್ದು ಒಂದು ಭಾನುವಾರ. ಬೆಳಿಗ್ಗೆ ಎಂಟಕ್ಕೆ ಹಳೆಯದರಲ್ಲಿ ಯಾರೂ ಏನೂ ಬರೆಯದಂತೆ ಬೀಗ ಹಾಕಿ, ಕೊನೆಯ ನಕಲು ಕಳಿಸಿದೆವು. ಸಾಲುಗಳ ಲೆಕ್ಕ ತಾಳೆಯಾಯಿತು. ಆಮೇಲೆ ಡಾಕ್ಟರು ಹೇಳಿದ ಕೆಲವು ರೋಗಿಗಳ ವಿವರ ತೆರೆದು, ಹಳೆಯದು ಹೊಸದು ಎರಡನ್ನೂ ಓದಿ ನೋಡಿದೆವು. ಮಧ್ಯಾಹ್ನ ಮೂರಕ್ಕೆ ಡಾಕ್ಟರು ಸರಿ ಎಂದರು. ನಾನು ಹೋಗಿ ಮೆಟ್ಟಿಲ ಕೆಳಗಿನ ಯಂತ್ರವನ್ನು ಆರಿಸಿದೆ. ಎ.ಸಿ.ಯನ್ನೂ ಆರಿಸಿದೆ. ಇಷ್ಟು ವರ್ಷ ಆ ಸದ್ದಿನ ಪಕ್ಕದಲ್ಲಿದ್ದವಳಿಗೆ ಮೌನ ವಿಚಿತ್ರವಾಗಿತ್ತು. ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿದೆ.

ಅಜ್ಜಿಯ ಆಪರೇಷನ್ ಅದಕ್ಕೂ ಮೊದಲೇ, ಹೇಳಿದ ವಾರದಲ್ಲೇ ಆಗಿತ್ತು. ಪಟ್ಟಿ ಬಿಚ್ಚಿದ ದಿನ ಅವರು ನರ್ಸಿನ ಮೂಗುತಿಯನ್ನು ನೋಡಿ ಕಲ್ಲು ಚೆನ್ನಾಗಿದೆ ಎಂದರಂತೆ. ತಮ್ಮ ಮೂರು ಅಕ್ಷರಗಳ ಹಿಂದೆ ಇಷ್ಟೆಲ್ಲ ಆಯಿತೆಂದು ಅವರಿಗೆ ಗೊತ್ತಿಲ್ಲ. ನಾವೂ ಹೇಳಲಿಲ್ಲ.

ಕ್ಲೌಡಿಗೆ ಹೋದ ಮೇಲೆ ತೊಂದರೆಯೇ ಇಲ್ಲವೆಂದಲ್ಲ. ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದರೆ ಇಂಟರ್ನೆಟ್ ಹೋಗುತ್ತದೆ. ಈಗ ಎರಡು ಕಡೆಯಿಂದ ಲೈನು ಹಾಕಿಸಿದ್ದೇವೆ. ಗುಮಾಸ್ತರು ಮೂರು ವಾರ ಮುಗಿಸಿ ಊರಿಗೆ ಹೋದರು. ಹಬ್ಬಕ್ಕೆ ನಾನು ಫೋನು ಮಾಡುತ್ತೇನೆ. ಮಾತು ಬೇಗ ಮುಗಿಯುವುದಿಲ್ಲ.

ಮೊನ್ನೆ ಚೆನ್ನಪಟ್ಟಣದ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಕಣ್ಣಿನ ಶಿಬಿರವಿತ್ತು. ಮೊದಲೆಲ್ಲ ಶಿಬಿರಕ್ಕೆ ಖಾಲಿ ಹಾಳೆಗಳೊಂದಿಗೆ ಹೋಗುತ್ತಿದ್ದೆವು. ಈ ಸಲ ಟ್ಯಾಬು ತೆಗೆದುಕೊಂಡು ನಾನೂ ಹೋಗಿದ್ದೆ. ಕರೆಂಟಿರಲಿಲ್ಲ, ಫೋನಿನ ನೆಟ್‌ವರ್ಕಿನಲ್ಲೇ ನಡೆಸಿದೆವು. ಒಬ್ಬ ಯಜಮಾನರು ಬಂದರು. ಕಾರ್ಡು ಕಳೆದುಹೋಗಿದೆ, ಆದರೆ ರಾಮನಗರದಲ್ಲಿ ಒಂದು ಸಲ ತೋರಿಸಿದ್ದೆ ಎಂದರು. ಹೆಸರು, ಊರು ಹಾಕಿದೆ. ತೆರೆಯಿತು. ಷರಾದಲ್ಲಿ ಎಡಗಿವಿಯ ಮಾತು ಓದಿ, ಅವರ ಬಲಗಡೆಗೆ ನನ್ನ ಕುರ್ಚಿಯನ್ನು ಎಳೆದುಕೊಂಡು ಕೂತೆ.

"ಯಾವಾಗಿಂದ ಮಂಜಾಗಿದೆ ಯಜಮಾನ್ರೇ?" ಎಂದು ಕೇಳಿದೆ.

ಅವರು ಸುಗ್ಗಿಯಿಂದ ಶುರುಮಾಡಿ ನಿಧಾನವಾಗಿ ಹೇಳತೊಡಗಿದರು.